ಹೇಳಿಕೆ ಬದಲಾದರೆ ಸಾಕ್ಷಿ ಸುಳ್ಳು ಹೇಳಿದಂತೆಯೇ?

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಹಳ್ಳಿ. ಕಳೆದ ಅಡಿಕೆ ಕೊನೆಕೊಯ್ಲಿನ ಸಮಯದಲ್ಲಿ ಬೇಲಿ ವಿಚಾರಕ್ಕೆ ಜಗಳ ಬಂದು ನನ್ನ ಅಣ್ಣನನ್ನು ತೋಟದಲ್ಲೇ ಕತ್ತಿಯಿಂದ ಕಡಿದು ಕೊಂದರು. ಅತ್ತಿಗೆ ಅದನ್ನು ಕಣ್ಣಾರೆ ಕಂಡಿದ್ದಾರೆ. ಅವರ ಒಂಬತ್ತು ವರ್ಷದ ಮಗನೂ ಕೊಟ್ಟಿಗೆ ಹತ್ತಿರ ಇದ್ದ. ಆ ರಾತ್ರಿ ಅತ್ತಿಗೆ ಪೊಲೀಸರಿಗೆ ಇಬ್ಬರು ಬಂದಿದ್ದರು ಎಂದರು. ಹದಿನೈದು ದಿನದ ಮೇಲೆ ಮೂವರಿದ್ದರು ಎಂದರು. ಮೊದಲು ಸಂಜೆ ಆರು ಗಂಟೆ ಅಂದವರು ಈಗ ಕತ್ತಲಾಗಿತ್ತು ಅನ್ನುತ್ತಾರೆ. ಹೇಳುವಾಗ ಅಳುವುದೂ ಇಲ್ಲ, ಗೋಡೆ ನೋಡುತ್ತಾ ಹೇಳುತ್ತಾರೆ. ‘ಏನಮ್ಮ, ದಿನಕ್ಕೊಂದು ಹೇಳ್ತೀಯ’ ಎಂದು ಠಾಣೆಯಲ್ಲಿ ರೇಗಿದರಂತೆ. ಎದುರು ಪಕ್ಷದವರು ‘ಸಿಗಂದೂರಿಗೆ ಬಂದು ಆಣೆ ಮಾಡಲಿ’ ಎನ್ನುತ್ತಿದ್ದಾರೆ. ಅತ್ತಿಗೆ ಸುಳ್ಳು ಹೇಳುವವರಲ್ಲ. ಹೀಗೇಕೆ ಆಗುತ್ತದೆ? ಇಂಥವರನ್ನು ಪೊಲೀಸರು ಹೇಗೆ ವಿಚಾರಿಸಬೇಕು? ನಾವೇನು ಮಾಡಬೇಕು? ಮಗುವನ್ನೂ ಕಳಿಸಬೇಕೆ?

ಉತ್ತರ: ನಿಮ್ಮ ಮನೆಗೆ ಬಂದ ಕಷ್ಟ ದೊಡ್ಡದು. ಈ ಜಿಲ್ಲೆಯಲ್ಲೇ ತನಿಖಾಧಿಕಾರಿಯಾಗಿದ್ದು, ಆಮೇಲೆ ಹೊಸ ಸಬ್‌ಇನ್‌ಸ್ಪೆಕ್ಟರ್‌ಗಳಿಗೆ ಸಾಕ್ಷಿಗಳನ್ನು ವಿಚಾರಿಸುವುದು ಹೇಗೆಂದು ಪಾಠ ಹೇಳಿದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ನೇರವಾಗಿ ಹೇಳುವುದಾದರೆ, ಹೇಳಿಕೆಯಲ್ಲಿ ವ್ಯತ್ಯಾಸ ಬಂದ ಮಾತ್ರಕ್ಕೆ ಸಾಕ್ಷಿ ಸುಳ್ಳುಗಾರರಾಗುವುದಿಲ್ಲ. ಆದರೆ ನೀವು ಹೇಳಿದ ಎರಡು ವ್ಯತ್ಯಾಸಗಳಿಗೂ ಒಂದೇ ತೂಕವಿಲ್ಲ. ಆರು ಗಂಟೆಯೋ ಕತ್ತಲಾಗಿತ್ತೋ ಎನ್ನುವುದು ನನ್ನ ಮಟ್ಟಿಗೆ ವ್ಯತ್ಯಾಸವೇ ಅಲ್ಲ. ಕಾರ್ತೀಕ ಕಳೆದ ಮೇಲೆ ಅಡಿಕೆ ತೋಟದ ಒಳಗೆ ಆರು ಗಂಟೆಯ ಹೊತ್ತಿಗೇ ಕತ್ತಲು ಕವಿಯತೊಡಗುತ್ತದೆ. ಎರಡೂ ಮಾತು ಒಟ್ಟಿಗೇ ನಿಜವಿರಬಹುದು. ಇಬ್ಬರೋ ಮೂವರೋ ಎನ್ನುವುದು ಹಾಗಲ್ಲ. ಅದರ ಮೇಲೆ ಒಬ್ಬ ಮನುಷ್ಯನ ಜೀವಾವಧಿ ಶಿಕ್ಷೆ ನಿಂತಿದೆ. ಹಾಗಾಗಿ ‘ಅವರಿಗೆ ಆಘಾತವಾಗಿದೆ, ಬಿಡಿ’ ಎಂದು ಅದನ್ನು ದಾಟಿ ಹೋಗಲು ಬರುವುದಿಲ್ಲ. ಮೂರನೆಯವನು ಅವರ ನೆನಪಿಗೆ ಎಲ್ಲಿಂದ, ಯಾವಾಗ ಬಂದ ಎಂದು ಹುಡುಕಬೇಕು. ಹುಡುಕುವುದು ಪೊಲೀಸರ ಕೆಲಸ, ನಿಮ್ಮದಲ್ಲ. ನೀವಾಗಲಿ ನಿಮ್ಮ ಮನೆಯವರಾಗಲಿ ದಯವಿಟ್ಟು ‘ಇಬ್ಬರು ಅಂತಲೇ ಹೇಳು’ ಎಂದೋ ‘ಮೂವರು ಅಂತಲೇ ಗಟ್ಟಿಯಾಗಿ ನಿಲ್ಲು’ ಎಂದೋ ಅವರನ್ನು ತಿದ್ದಲು ಹೋಗಬೇಡಿ. ಪ್ರಕರಣ ನಿಜವಾಗಿ ಹಾಳಾಗುವುದು ಅಲ್ಲಿ.

ಪ್ರಾಣಭಯದಲ್ಲಿ ಮನುಷ್ಯನ ಗಮನ ಒಂದೇ ಕಡೆ ನೆಡುತ್ತದೆ. ಕತ್ತಿ ಎತ್ತಿದವನ ಎದುರು ನಿಂತವರಿಗೆ ಕತ್ತಿಯ ಹಿಡಿ, ಅದರ ಬಾಯಿ, ಎತ್ತಿದ ಕೈಯಲ್ಲಿದ್ದ ದಾರ ಎಲ್ಲ ಅಚ್ಚೊತ್ತಿದ ಹಾಗೆ ನೆನಪಿರಬಹುದು. ಹಿಂದೆ ಯಾರಿದ್ದರು, ಅವನು ಯಾವ ಬಣ್ಣದ ಅಂಗಿ ಹಾಕಿದ್ದ ಎಂದರೆ ಏನೂ ನೆನಪಿಲ್ಲದಿರಬಹುದು. ಭಯ ಹೆಚ್ಚಾದರೆ ಎದುರಿಗಿದ್ದವನ ಮುಖವೂ ನೆನಪಿನಲ್ಲಿ ಉಳಿಯದಿರಬಹುದು ಎನ್ನುವುದನ್ನು ಮನಶ್ಶಾಸ್ತ್ರದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಸೆರೆಸಿಕ್ಕಾಗ ತಾಳಿಕೊಳ್ಳುವ ತರಬೇತಿ ಪಡೆಯುತ್ತಿದ್ದ ಐನೂರಕ್ಕೂ ಹೆಚ್ಚು ಸೈನಿಕರ ಮೇಲೆ ನಡೆದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ತಮ್ಮನ್ನು ಎದುರೆದುರು ಕೂರಿಸಿಕೊಂಡು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೆದರಿಸಿ ಪ್ರಶ್ನಿಸಿದವನ ಮುಖವನ್ನೇ ಮಾರನೆಯ ದಿನ ಹಲವರಿಗೆ ಗುರುತಿಸಲಾಗಲಿಲ್ಲ. ಬೆದರಿಕೆ ಇಲ್ಲದೆ ಪ್ರಶ್ನಿಸಿದವನನ್ನು ಗುರುತಿಸಿದವರು ಅದಕ್ಕಿಂತ ತುಂಬ ಹೆಚ್ಚು. ಅವರು ಗಟ್ಟಿಮುಟ್ಟಾದ ಸೈನಿಕರು, ಇದು ತರಬೇತಿ ಎಂದು ಗೊತ್ತಿದ್ದವರು. ಗಂಡನನ್ನು ಕಡಿಯುತ್ತಿರುವುದನ್ನು ಕಂಡ ಹೆಣ್ಣುಮಗಳ ಸ್ಥಿತಿಯನ್ನು ನೀವೇ ಊಹಿಸಿ.

ಅತ್ತಿಗೆ ಅಳುವುದಿಲ್ಲ, ಗೋಡೆ ನೋಡುತ್ತಾರೆ ಎಂದಿರಿ. ತನಗಲ್ಲ, ಬೇರೆ ಯಾರಿಗೋ ಆದದ್ದನ್ನು ಹೇಳುವ ಹಾಗೆ ಹೇಳುವುದು ಇಂಥ ಪೆಟ್ಟು ತಿಂದವರಲ್ಲಿ ಸಾಮಾನ್ಯ. ಕೆಲವರು ಮಧ್ಯೆ ನಗುತ್ತಾರೆ. ಕೆಲವರು ದನಕ್ಕೆ ಹುಲ್ಲು ಹಾಕಿಲ್ಲ ಎಂದು ಎದ್ದು ಹೋಗುತ್ತಾರೆ. ಅತ್ತರೆ ಸತ್ಯ, ಅಳದಿದ್ದರೆ ನಾಟಕ ಎಂದು ಅಳೆಯುವವರು ಠಾಣೆಯಲ್ಲೂ ಇದ್ದಾರೆ, ಊರಲ್ಲೂ ಇದ್ದಾರೆ. ಆ ಅಳತೆಗೆ ಯಾವ ಆಧಾರವೂ ಇಲ್ಲ. ಹಾಗೆಯೇ ಇದಕ್ಕೆ ವಿರುದ್ಧವಾದ ಮಾತೊಂದು ಈಚೆಗೆ ಹರಡುತ್ತಿದೆ: ಆಘಾತದ ನೆನಪು ಕಲ್ಲಿನಲ್ಲಿ ಕೊರೆದಂತೆ, ಅದು ತಪ್ಪುವುದೇ ಇಲ್ಲ ಎಂದು. ಅದೂ ಸರಿಯಲ್ಲ. ಭಯದಲ್ಲಿ ಕಂಡದ್ದರಲ್ಲಿ ನಡುವಿನ ಸಂಗತಿ ಗಟ್ಟಿಯಾಗಿ ಉಳಿಯಬಹುದು, ಅಂಚಿನ ವಿವರ ಅಳಿಸಿರಬಹುದು, ಬೇರೆಯವರ ಮಾತು ಒಳಗೆ ಸೇರಿಕೊಂಡಿರಲೂಬಹುದು. ಈ ಮೂರೂ ಒಂದೇ ಮನಸ್ಸಿನಲ್ಲಿ ಇರುತ್ತವೆ.

ಬೇರೆಯವರ ಮಾತು ಸೇರಿಕೊಳ್ಳುವುದು ಎಷ್ಟು ಸಲೀಸು ಎನ್ನುವುದಕ್ಕೆ ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತಿರುವ ಒಂದು ರಾತ್ರಿಯನ್ನೇ ನೆನೆಯಿರಿ. 2021ರ ಜನವರಿ 21ರ ರಾತ್ರಿ ಹತ್ತರ ಮೇಲೆ ಶಿವಮೊಗ್ಗ ಪಕ್ಕದ ಹುಣಸೋಡಿನಲ್ಲಿ ಕಲ್ಲುಕ್ವಾರಿಯ ಸ್ಫೋಟಕ ಸಿಡಿಯಿತು. ಮನೆ ನಡುಗಿ, ಕಿಟಕಿ ಗಾಜು ಒಡೆದು, ಭೂಕಂಪವೆಂದುಕೊಂಡು ಜನ ಬೀದಿಗೆ ಓಡಿ ಬಂದರು. ಸ್ಫೋಟ ಎಂದು ಗೊತ್ತಾದದ್ದು ಆಮೇಲೆ. ಈಗ ಅಂದಿನ ಸಂಗತಿ ಕೇಳಿದರೆ ‘ಸ್ಫೋಟದ ಶಬ್ದ ಕೇಳಿ ಎದ್ದೆ’ ಎನ್ನುವವರು ಎಷ್ಟೋ ಜನ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆಮೇಲೆ ತಿಳಿದದ್ದು ಮೊದಲಿನ ಅನುಭವದೊಳಗೆ ಹೋಗಿ ಕೂತಿದೆ, ಅಷ್ಟೇ.

ಈಗ ನಿಮ್ಮ ಮನೆಯ ಆ ಹದಿನೈದು ದಿನವನ್ನು ನೋಡಿ. ಸೂತಕದ ಮನೆ. ನೆಂಟರು, ನೆರೆಯವರು, ತೋಟದ ಕೆಲಸದವರು ಎಲ್ಲ ಬಂದಿರುತ್ತಾರೆ. ಬಂದವರೆಲ್ಲ ‘ಹೆಂಗಾಯ್ತೇ’ ಎಂದು ಕೇಳುತ್ತಾರೆ. ಕೇಳಿ ಸುಮ್ಮನಾಗುವುದಿಲ್ಲ. ‘ಅವನ ತಮ್ಮನೂ ಇದ್ದನಂತಲ್ಲ, ಬೈಕ್ ನಿಂತಿದ್ದು ನಮ್ಮವರು ನೋಡಿದ್ರು’ ಎಂದು ತಮ್ಮದನ್ನೂ ಸೇರಿಸುತ್ತಾರೆ. ವಾಟ್ಸಾಪಿನಲ್ಲಿ ಯಾರದೋ ಫೋಟೋ ಓಡಾಡುತ್ತದೆ. ಹದಿಮೂರನೆಯ ದಿನದ ಊಟ ಮುಗಿಯುವ ಹೊತ್ತಿಗೆ ಆ ಸಾವಿಗೆ ಊರೇ ಒಪ್ಪಿದ ಒಂದು ಕಥೆ ಸಿದ್ಧವಾಗಿರುತ್ತದೆ. ಕಂಡವರು ಒಬ್ಬರೇ ಆದರೂ ಹೇಳುವವರು ನೂರು ಜನ. ಅತ್ತಿಗೆಯ ಮೂರನೆಯವನು ಅಲ್ಲಿಂದ ಬಂದಿರಬಹುದು. ಹಾಗಲ್ಲದೆ, ನಿದ್ದೆ ಬಂದು ಮನಸ್ಸು ಒಂದಿಷ್ಟು ನಿಂತ ಮೇಲೆ ನಿಜವಾಗಿಯೇ ನೆನಪಾಗಿರಲೂಬಹುದು. ಮೊದಲ ಸಲ ಹೇಳದ ವಿವರ ಎರಡನೆಯ ಸಲ ಬರುವುದು ನೆನಪಿನ ಸಹಜ ಗುಣ. ಹೊರಗಿನಿಂದ ನೋಡಿ ಇದೋ ಅದೋ ಎಂದು ಯಾರೂ ಹೇಳಲಾರರು. ತಿಳಿಯಬೇಕಾದರೆ ಅವರನ್ನೇ ಸಮಾಧಾನವಾಗಿ ಕೇಳಬೇಕು: ‘ಮೂರನೆಯವರ ವಿಷಯ ನಿಮಗೆ ಹೇಗೆ ನೆನಪಾಯಿತು? ಆಗ ನೀವು ಎಲ್ಲಿದ್ದಿರಿ? ಯಾರ ಜೊತೆಗಾದರೂ ಆ ವಿಷಯ ಮಾತಾಡಿದ್ದಿರಾ? ನಿಮ್ಮ ಕಣ್ಣಿಗೆ ಕಂಡದ್ದು ಯಾವುದು, ಕೇಳಿ ತಿಳಿದದ್ದು ಯಾವುದು?’ ಕೊನೆಯ ಪ್ರಶ್ನೆಗೆ ಪ್ರಾಮಾಣಿಕ ಸಾಕ್ಷಿಗಳು ಎಷ್ಟೋ ಸಲ ತಮಗೆ ತಿಳಿದಷ್ಟನ್ನು ಬಿಡಿಸಿ ಹೇಳುತ್ತಾರೆ, ಬೈಯದೆ ಕೇಳಿದರೆ.

ಬೈದು ಕೇಳುವುದರಿಂದ ಏನಾಗುತ್ತದೆ ಎನ್ನುವುದು ನನಗೆ ಬಹಳ ಮುಖ್ಯವಾದ ವಿಷಯ, ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

1980ರ ದಶಕದಲ್ಲಿ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೀಸೆಲ್‌ಮನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಸಾಕ್ಷಿಗಳ ನೆನಪನ್ನು ಹೊರತರುವ ಒಂದು ವಿಚಾರಣಾ ಕ್ರಮವನ್ನು ರೂಪಿಸಿದರು. ಆ ಕೆಲಸದಲ್ಲಿ ಫ್ಲಾರಿಡಾದ ಪತ್ತೇದಾರರು ನಡೆಸಿದ ನಿಜವಾದ ವಿಚಾರಣೆಗಳ ಧ್ವನಿಮುದ್ರಣವನ್ನು ಕೇಳಿ ನೋಡಿದರು. ಸಾಕ್ಷಿ ಮಾತು ಶುರು ಮಾಡಿದ ಸರಾಸರಿ 7.5 ಸೆಕೆಂಡಿಗೆ ಪೊಲೀಸರು ಬಾಯಿ ಹಾಕುತ್ತಿದ್ದರು. ನಮ್ಮ ಠಾಣೆಗಳಲ್ಲಿ ಅಳೆದು ನೋಡಿದರೆ ಇದಕ್ಕಿಂತ ಹೆಚ್ಚು ಹೊತ್ತು ಬಿಡುತ್ತೇವೆ ಎನ್ನುವ ಧೈರ್ಯ ನನಗಿಲ್ಲ. ‘ಹೆಸರು? ಗಂಡನ ಹೆಸರು? ಎಷ್ಟು ಗಂಟೆಗೆ? ಎಷ್ಟು ಜನ? ಯಾವ ಕೈಯಲ್ಲಿ ಕತ್ತಿ?’ ಪ್ರಶ್ನೆಯ ಮೇಲೆ ಪ್ರಶ್ನೆ ಬಂದಾಗ ಸಾಕ್ಷಿ ನೆನಪು ಮಾಡಿಕೊಳ್ಳುವುದನ್ನು ಬಿಟ್ಟು ಉತ್ತರ ಕೊಡಲು ತೊಡಗುತ್ತಾರೆ. ಸಾಹೇಬರಿಗೆ ಗಂಟೆ ಬೇಕು ಅಂದಮೇಲೆ ಯಾವುದೋ ಒಂದು ಗಂಟೆ ಹೇಳುತ್ತಾರೆ. ನಿಮ್ಮ ಅತ್ತಿಗೆಯ ‘ಆರು ಗಂಟೆ’ ಹೀಗೇ ಬಂದಿರಬೇಕು ಎಂದು ನನ್ನ ಅನಿಸಿಕೆ. ತೋಟದಲ್ಲಿದ್ದವರು ಯಾರು ಗಡಿಯಾರ ನೋಡಿಕೊಂಡಿರುತ್ತಾರೆ?

ಪ್ರಶ್ನೆಯೊಳಗೇ ಉತ್ತರ ಅಡಗಿದ್ದರೆ ಇನ್ನೂ ಅಪಾಯ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರುಗಳ ಅಪಘಾತದ ಚಿತ್ರ ತೋರಿಸಿ ಪ್ರಯೋಗ ಮಾಡಿದರು. ಕಾರುಗಳು ‘ತಾಗಿದಾಗ’ ಎಷ್ಟು ವೇಗವಿತ್ತು ಎಂದು ಕೆಲವರನ್ನು, ‘ನುಚ್ಚುನೂರಾಗುವಂತೆ ಗುದ್ದಿದಾಗ’ ಎಂದು ಇನ್ನು ಕೆಲವರನ್ನು ಕೇಳಿದರು. ವಾರದ ಮೇಲೆ, ಒಡೆದ ಗಾಜು ಕಂಡಿರಾ ಎಂದು ಕೇಳಿದಾಗ ಗುದ್ದಿದ ಮಾತು ಕೇಳಿದವರಲ್ಲಿ ಹೆಚ್ಚು ಜನ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಹಾಗಾಗಿ ‘ಮೂರನೆಯವನ ಕೈಯಲ್ಲಿ ಏನಿತ್ತು?’ ಎಂದು ಒಮ್ಮೆ ಕೇಳಿಬಿಟ್ಟರೆ ಮೂರನೆಯವನನ್ನು ಕೇಳಿದವರೇ ತಂದು ತೋಟದಲ್ಲಿ ನಿಲ್ಲಿಸಿದಂತೆ.

ಇನ್ನೊಂದು ತೊಂದರೆ ಹೇಳಿಕೆ ಬರೆದುಕೊಳ್ಳುವ ಭಾಷೆಯದು. ಸಾಕ್ಷಿ ಹೇಳುವುದು ಹೀಗಿರುತ್ತದೆ: ‘ನಾನು ಹಾಲು ಕರೀತಿದ್ದೆ. ಇವರ ಕೂಗು ಕೇಳ್ತು. ಓಡಿ ಬಂದು ಅಂಗಳದ ತುದಿಗೆ ನಿಂತೆ, ಅಲ್ಲಿಂದ ಕೂಗಳತೆ ದೂರ. ಕೈಕಾಲೇ ಆಡ್ಲಿಲ್ಲ ನಂಗೆ, ದನಿಯೂ ಬರ್ಲಿಲ್ಲ.’ ಕಾಗದದ ಮೇಲೆ ಬರುವುದು ಹೀಗೆ: ‘ನಾನು ಮೇಲ್ಕಂಡ ವಿಳಾಸದಲ್ಲಿ ಸಂಸಾರ ಸಮೇತ ವಾಸವಾಗಿದ್ದು, ಸದರಿ ದಿವಸ ಸಂಜೆ ಸುಮಾರು 6-00 ಗಂಟೆ ಸಮಯದಲ್ಲಿ ನನ್ನ ಗಂಡನು ಕೂಗಿಕೊಂಡ ಶಬ್ದ ಕೇಳಿ ನಾನು ಗಾಬರಿಯಿಂದ ಓಡಿ ಹೋಗಿ ಸುಮಾರು 100 ಮೀಟರ್ ದೂರದಿಂದ ನೋಡಲಾಗಿ, ಆಸಾಮಿಗಳು ಕತ್ತಿಯಿಂದ ಹಲ್ಲೆ ಮಾಡುತ್ತಿದ್ದು, ನಾನು ಜೋರಾಗಿ ಕಿರುಚಿಕೊಂಡಿರುತ್ತೇನೆ.’ ಅವರು ಹೇಳಿದ್ದು ಕೂಗಳತೆಯ ದೂರ. ನೂರು ಮೀಟರ್ ಎಂದು ಬರೆದವರು ರೈಟರ್, ಅಂದರೆ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ಪೊಲೀಸರು. ಅವರು ಕಿರುಚಲೇ ಇಲ್ಲ. ಗಂಡನನ್ನು ಕಡಿಯುವಾಗ ಹೆಂಡತಿ ಕಿರುಚಿರಲೇಬೇಕು ಎಂದು ಬರೆದವರು ಅಂದುಕೊಂಡರು. ಎರಡು ವರ್ಷ ಕಳೆದು ಸೆಷನ್ಸ್ ಕೋರ್ಟಿನಲ್ಲಿ ಅದೇ ಹೆಣ್ಣುಮಗಳು ‘ದನಿ ಬರಲಿಲ್ಲ’ ಎಂದು ಸತ್ಯ ನುಡಿದಾಗ ಆರೋಪಿ ಪರ ವಕೀಲರು ಹೇಳಿಕೆ ತೆಗೆದು ಓದುತ್ತಾರೆ: ‘ಪೊಲೀಸರ ಮುಂದೆ ಕಿರುಚಿದೆ ಎಂದಿದ್ದೀರಲ್ಲ?’ ಹೀಗೆ ಸತ್ಯ ಹೇಳಿದವರೇ ಸುಳ್ಳುಗಾರರಾಗುತ್ತಾರೆ. ಹಳೆಯ ಸಿಆರ್‌ಪಿಸಿಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಮಿನ ಪ್ರಕಾರ ಪೊಲೀಸರ ಮುಂದಿನ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ, ಅದನ್ನು ಮುಖ್ಯವಾಗಿ ಸಾಕ್ಷಿಯ ಮಾತಿನ ವಿರೋಧ ತೋರಿಸಲಷ್ಟೇ ಬಳಸಬಹುದು. ಮುಖ್ಯ ವಿಷಯವೊಂದನ್ನು ಹೇಳಿಕೆಯಲ್ಲಿ ಬಿಟ್ಟಿದ್ದರೆ ಅದೂ ವಿರೋಧವೆನಿಸಬಹುದು. ಆದ್ದರಿಂದ ಅವರಾಡಿದ ಮಾತನ್ನು ಅವರ ಮಾತಿನಲ್ಲೇ ಬರೆಯಬೇಕೆಂದು ನಾನು ಕಿರಿಯರಿಗೆ ಒತ್ತಿ ಒತ್ತಿ ಹೇಳುತ್ತಿದ್ದೆ. ‘ಕೈಕಾಲು ಆಡಲಿಲ್ಲ’ ಎಂದರೆ ಹಾಗೇ ಬರೆಯಿರಿ. ಕೂಗಳತೆ ಎಂದರೆ ಕೂಗಳತೆ ಎಂದು ಬರೆದು, ಮಹಜರಿನ ದಿನ ಅವರು ನಿಂತ ಜಾಗ ತೋರಿಸಲು ಹೇಳಿ ಟೇಪು ಹಿಡಿದು ಅಳೆಯಿರಿ.

ಹಾಗಾದರೆ ಸರಿಯಾದ ವಿಚಾರಣೆ ಹೇಗಿರುತ್ತದೆ? ಆ ರಾತ್ರಿಯೇ ಕೇಳಬೇಕಾದದ್ದು ಸ್ವಲ್ಪ ಇರುತ್ತದೆ. ಓಡಿಹೋದವರು ಯಾರು, ಯಾವ ಕಡೆ ಹೋದರು, ಮನೆಯವರಿಗೆ ಇನ್ನೂ ಅಪಾಯವಿದೆಯೇ, ಅಷ್ಟೇ. ಪೂರ್ತಿ ವಿಚಾರಣೆಯನ್ನು ಅವರು ಒಂದಿಷ್ಟು ನಿದ್ದೆ ಮಾಡಿ, ಏನಾದರೂ ಉಂಡ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ವಾರಗಟ್ಟಲೆ ತಳ್ಳಬಾರದು. ತಡವಾದರೆ ಒಂದು ಕಡೆ ಸೂತಕದ ಮನೆಯ ಕಥೆ ಸೇರುತ್ತದೆ, ಇನ್ನೊಂದು ಕಡೆ ಕೋರ್ಟಿನಲ್ಲಿ ‘ಇಷ್ಟು ದಿನ ಏಕೆ ಸುಮ್ಮನಿದ್ದಿರಿ’ ಎಂಬ ಪ್ರಶ್ನೆ ಏಳುತ್ತದೆ. ತಡ ಮಾಡಿದ್ದಕ್ಕೆ ಕಾರಣವನ್ನು ತನಿಖೆಯ ದಿನದಿನದ ದಾಖಲೆಯಾದ ಕೇಸ್ ಡೈರಿಯಲ್ಲಿ ಅಂದೇ ಬರೆಯಬೇಕು.

ಜಾಗ ಮನೆಯೇ ಆಗಲಿ, ಆದರೆ ನಡುಮನೆಯಲ್ಲಿ ಹತ್ತು ಜನರ ನಡುವೆ ಬೇಡ. ಬಾಗಿಲು ಕಾಣುವಂತೆ ಅವರನ್ನು ಕೂರಿಸಬೇಕು, ಅಧಿಕಾರಿ ದಾರಿಗೆ ಅಡ್ಡ ಕೂರಬಾರದು. ಮೊದಲು ತಾನು ಯಾರು, ಏಕೆ ಬಂದಿದ್ದೇನೆ, ಎಷ್ಟು ಹೊತ್ತಾಗಬಹುದು ಎಂದು ಹೇಳಬೇಕು. ಆಮೇಲೆ ಈ ಮಾತುಗಳನ್ನು ತಪ್ಪದೆ ಹೇಳಬೇಕು: ‘ಅಮ್ಮ, ಅಲ್ಲಿ ನಾನಿರಲಿಲ್ಲ, ನೀವಿದ್ದಿರಿ. ನನಗೆ ಏನೂ ಗೊತ್ತಿಲ್ಲ. ನಿಮಗೆ ನೆನಪಿದ್ದಷ್ಟು ಹೇಳಿ, ಸಣ್ಣ ವಿಷಯ ಅಂತ ಬಿಡಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಊಹೆ ಮಾಡಬೇಡಿ. ಸಾಕು ಅನಿಸಿದರೆ ಹೇಳಿ, ನಿಲ್ಲಿಸೋಣ.’ ಸಾಕು ಎಂದಾಗ ನಿಜವಾಗಿಯೂ ನಿಲ್ಲಿಸಬೇಕು. ಎಲ್ಲ ಹಿಡಿತ ಕಳೆದುಕೊಂಡ ಮನುಷ್ಯರಿಗೆ ಅಷ್ಟೊಂದು ಹಿಡಿತ ತಿರುಗಿ ಸಿಕ್ಕರೂ ಮಾತಿನ ದಾರಿ ತೆರೆಯುತ್ತದೆ.

ಕೇಳುವುದನ್ನು ಘಟನೆಯಿಂದ ಶುರು ಮಾಡುವುದಕ್ಕಿಂತ ಅದರ ಮುಂಚಿನಿಂದ ಶುರು ಮಾಡಿದರೆ ಒಳ್ಳೆಯದು. ‘ಆ ದಿನ ಮಧ್ಯಾಹ್ನ ಊಟ ಆದಮೇಲಿಂದ ಹೇಳಿ.’ ಊಟ, ಪಾತ್ರೆ, ಸುಲಿದ ಅಡಿಕೆ ಹರವಿದ್ದು, ಡೈರಿಗೆ ಹಾಲು ಹಾಕಲು ಹೊರಟದ್ದು, ಕೊನೆಯ ಬಸ್ಸಿನ ಹಾರ್ನ್ ಹೀಗೆ ಹೇಳುತ್ತಾ ಬಂದರೆ ಗಂಟೆಯನ್ನು ಪ್ರತ್ಯೇಕವಾಗಿ ಕೇಳಲೇಬೇಕಾಗಿಲ್ಲ. ಹಾಲಿನ ಡೈರಿಯ ಪುಸ್ತಕ, ಬಸ್ಸಿನ ವೇಳೆ ನೋಡಿದರೆ ಹೊತ್ತು ತಾನೇ ಸಿಗುತ್ತದೆ, ಸಾಕ್ಷಿಯ ಊಹೆಗಿಂತ ಗಟ್ಟಿಯಾಗಿ ಸಿಗುತ್ತದೆ. ಮಾತು ಕಟ್ಟಿದಲ್ಲಿ ‘ಆಮೇಲೆ?’ ಎಂದು ಕಾಯಬೇಕು. ಮೌನವನ್ನು ತುಂಬಲು ಹೋಗಬಾರದು. ಅವರು ಮುಗಿಸಿದ ಮೇಲೆಯೇ ವಿವರದ ಪ್ರಶ್ನೆಗಳು, ಅವೂ ಅವರಾಗಿ ಎತ್ತಿದ ವಿಷಯದ ಬಗ್ಗೆಯೇ. ಫಿಶರ್, ಗೀಸೆಲ್‌ಮನ್ ಅವರ ಕ್ರಮದಲ್ಲಿ ಘಟನೆಯನ್ನು ಕೊನೆಯಿಂದ ಶುರು ಮಾಡಿ ಮೊದಲಿನವರೆಗೆ ಹೇಳಿಸುವುದು, ಬೇರೊಬ್ಬರ ಕಣ್ಣಿನಿಂದ ನೋಡಿದಂತೆ ಹೇಳಿಸುವುದು ಎಂಬ ಉಪಾಯಗಳೂ ಇವೆ. ತೀವ್ರ ಆಘಾತವಾದವರಿಗೆ, ಮಕ್ಕಳಿಗೆ ಇವು ಬೇಡವೆಂದೇ ನನ್ನ ಅಭಿಪ್ರಾಯ. ಕಣ್ಣು ಮುಚ್ಚಿ ಆ ಜಾಗ ನೆನೆಸಿಕೊಳ್ಳಿ ಎನ್ನುವುದನ್ನೂ ಅವರು ಒಪ್ಪಿದರೆ ಮಾತ್ರ ಬಳಸಬೇಕು. ದೃಷ್ಟಿ ನೆಟ್ಟು, ದನಿ ಇಳಿದು, ಕೇಳಿದ್ದು ಕಿವಿಗೆ ಬೀಳದಂತಾದರೆ ಅವರು ಮತ್ತೆ ಆ ತೋಟಕ್ಕೇ ಹೋಗಿದ್ದಾರೆ ಎಂದರ್ಥ. ಆಗ ಪ್ರಶ್ನೆ ನಿಲ್ಲಿಸಿ, ನೀರು ಕೊಟ್ಟು, ‘ಇದು ನಿಮ್ಮ ಮನೆ, ನಿಮ್ಮ ಮೈದುನ ಇಲ್ಲೇ ಹೊರಗಿದ್ದಾರೆ’ ಎಂದು ಇಲ್ಲಿಗೆ ಕರೆತರಬೇಕು.

‘ಏಕೆ ಓಡಿ ಹೋಗಲಿಲ್ಲ, ಏಕೆ ಬಿಡಿಸಲಿಲ್ಲ’ ಎಂದು ಎಂದೂ ಕೇಳಬಾರದು. ಈ ಪ್ರಶ್ನೆಯನ್ನು ಅವರು ದಿನಕ್ಕೆ ನೂರು ಸಲ ತಮಗೆ ತಾವೇ ಕೇಳಿಕೊಳ್ಳುತ್ತಿರುತ್ತಾರೆ.

ಪೊಲೀಸರ ಕಷ್ಟವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಮಲೆನಾಡಿನ ಒಂದು ಠಾಣೆಯ ವ್ಯಾಪ್ತಿಯಲ್ಲಿ ಒಂಟಿ ಮನೆಗಳೇ ಹೆಚ್ಚು, ದಾರಿ ದೂರ, ಸಿಬ್ಬಂದಿ ಕಡಿಮೆ. ಮೇಲಿಂದ ಗಣಪತಿ ಮೆರವಣಿಗೆಯ ಬಂದೋಬಸ್ತು, ಚುನಾವಣೆ. ಆರೋಪಿ ಬಂಧನದಲ್ಲಿದ್ದರೆ ಕೊಲೆ ಪ್ರಕರಣದಲ್ಲಿ 90 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸದೆ ಹೋದರೆ ಅವನಿಗೆ ಜಾಮೀನಿನ ಹಕ್ಕು ಬರುತ್ತದೆ. ಆ ಒತ್ತಡದಲ್ಲಿ ರೇಗುವುದು ನನಗೆ ಅರ್ಥವಾಗುತ್ತದೆ. ಆದರೆ ಸಾಕ್ಷಿಯ ಮೇಲೆ ರೇಗಿ ಉಳಿಸಿದ ಒಂದು ಗಂಟೆ ಕೋರ್ಟಿನಲ್ಲಿ ಇಡೀ ಪ್ರಕರಣವನ್ನೇ ಕಳೆಯಬಲ್ಲದು.

ಇನ್ನು ನಿಮಗಿರುವ ಹಕ್ಕುಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ ಯಾವುದೇ ಮಹಿಳೆಯನ್ನು, 15 ವರ್ಷದೊಳಗಿನ ಅಥವಾ 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯಲ್ಲಿರುವವರನ್ನು ಸಾಕ್ಷಿಯಾಗಿ ಅವರ ವಾಸದ ಜಾಗ ಬಿಟ್ಟು ಬೇರೆಡೆಗೆ ಬರಬೇಕೆಂದು ಪೊಲೀಸರು ಬಲವಂತ ಮಾಡುವಂತಿಲ್ಲ. ಅವರಾಗಿ ಒಪ್ಪಿದರೆ ಠಾಣೆಗೆ ಹೋಗಬಹುದು. ಅಂದರೆ ನಿಮ್ಮ ಅತ್ತಿಗೆಯನ್ನೂ ಮಗುವನ್ನೂ ಮನೆಗೇ ಬಂದು ವಿಚಾರಿಸಿ ಎಂದು ನೀವು ವಿನಯದಿಂದ, ಆದರೆ ಗಟ್ಟಿಯಾಗಿ ಕೇಳಬಹುದು. ಮಹಿಳಾ ಅಧಿಕಾರಿಯೇ ಹೇಳಿಕೆ ಪಡೆಯಬೇಕೆಂಬ ಕಡ್ಡಾಯ ಇರುವುದು ಲೈಂಗಿಕ ಅಪರಾಧಗಳಂಥ ಕೆಲವು ಪ್ರಕರಣಗಳಲ್ಲಿ. ಕೊಲೆ ಪ್ರಕರಣದಲ್ಲೂ ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೋರಲು ಅಡ್ಡಿಯೇನಿಲ್ಲ. 180ನೇ ಕಲಮಿನಲ್ಲಿ ಹೇಳಿಕೆಯನ್ನು ಆಡಿಯೋ, ವಿಡಿಯೋದಲ್ಲಿ ದಾಖಲಿಸಲು ಅವಕಾಶವಿದೆ. ದಯವಿಟ್ಟು ಅದನ್ನು ಕೇಳಿ ಮಾಡಿಸಿಕೊಳ್ಳಿ. ರೈಟರ್ ಕನ್ನಡದಿಂದಾಗುವ ಅನಾಹುತಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಮೂರನೆಯವನ ವಿಷಯ ಹೀಗೆ ಮಾಡಿ. ತನಿಖಾಧಿಕಾರಿಯನ್ನು ಕಂಡು, ಅತ್ತಿಗೆಗೆ ಹೆಚ್ಚಿನದು ಹೇಳುವುದಿದೆ, ಮರುಹೇಳಿಕೆ ಪಡೆಯಿರಿ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಹೇಳಿಕೆಯಲ್ಲಿ ಆ ನೆನಪು ಯಾವಾಗ, ಹೇಗೆ ಬಂತು ಎನ್ನುವುದೂ ದಾಖಲಾಗಲಿ. ಕೇಳಿ ತಿಳಿದದ್ದಾದರೆ ‘ಇಂಥವರು ಹೇಳಿದರು’ ಎಂದು ಬರಲಿ, ಆಗ ಪೊಲೀಸರು ಆ ಇಂಥವರನ್ನೇ ವಿಚಾರಿಸುತ್ತಾರೆ. ಅತ್ತಿಗೆಗೆ ಅವನು ಮುಖ ಪರಿಚಯವಿಲ್ಲದವನಾದರೆ ತಹಶೀಲ್ದಾರರ ಮುಂದೆ ಗುರುತು ಪತ್ತೆ ಕವಾಯತು, ಅಂದರೆ ಸಾಲಾಗಿ ನಿಂತ ಹಲವರ ನಡುವೆ ಅವನನ್ನು ಗುರುತಿಸುವ ಪರೀಕ್ಷೆ, ನಡೆಯಬಹುದು. ಅಲ್ಲಿಯವರೆಗೆ ಅವನ ಫೋಟೋ ಅವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ಮೊಬೈಲಿನಲ್ಲೂ ಸಹ. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು 183ನೇ ಕಲಮಿನಡಿ ದಾಖಲಿಸಬೇಕು. ನೀವಾಗಿಯೇ ನೇರ ಹೋಗಿ ಕೊಡಲು ಬರುವುದಿಲ್ಲ, ತನಿಖಾಧಿಕಾರಿಯ ಮೂಲಕವೇ ಆಗಬೇಕು. ಅದನ್ನೂ ಅದೇ ಅರ್ಜಿಯಲ್ಲಿ ಕೇಳಿ.

ಮಗುವಿನ ವಿಷಯ. ಸಾಕ್ಷಿ ನುಡಿಯಲು ಕನಿಷ್ಠ ವಯಸ್ಸೆಂಬುದು ಕಾನೂನಿನಲ್ಲಿಲ್ಲ, ಪ್ರಶ್ನೆ ಅರ್ಥವಾಗಿ ಸರಿಯಾದ ಉತ್ತರ ಕೊಡಬಲ್ಲ ಮಗು ಸಾಕ್ಷಿಯಾಗಬಹುದು. ಆದರೆ ಮಕ್ಕಳ ಸಾಕ್ಷ್ಯವನ್ನು ನ್ಯಾಯಾಲಯ ಬಹಳ ಎಚ್ಚರದಿಂದ ನೋಡುತ್ತದೆ, ಯಾರಾದರೂ ಹೇಳಿಕೊಟ್ಟಿದ್ದಾರೆಯೇ ಎಂದು. ಮಗುವನ್ನು ಅವಶ್ಯವಿದ್ದರಷ್ಟೇ ವಿಚಾರಿಸಲಿ, ಒಂದೇ ಸಲ, ಸಮವಸ್ತ್ರವಿಲ್ಲದೆ, ಅವನು ನಂಬುವವರು ಹತ್ತಿರವಿರುವಾಗ. ಪೋಕ್ಸೊ ಪ್ರಕರಣಗಳಲ್ಲಿ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ, ಸಮವಸ್ತ್ರ ಇರಬಾರದು, ಮಗು ನಂಬುವವರು ಜೊತೆಗಿರಬೇಕು ಎಂದು ಕಾನೂನೇ ಹೇಳಿದೆ. ಬೇರೆ ಪ್ರಕರಣಗಳಲ್ಲಿ ಒಳ್ಳೆಯ ಅಧಿಕಾರಿ ತಾನಾಗಿ ಪಾಲಿಸುತ್ತಾನೆ. ಜೊತೆಗೆ ಕೂರುವುದು ತಾಯಿಯಾಗಿರದಿದ್ದರೆ ಒಳ್ಳೆಯದು. ಅವರೂ ಸಾಕ್ಷಿ, ಮಗು ಅವರ ಮುಖ ನೋಡಿ ಉತ್ತರ ಹೇಳುತ್ತದೆ. ಅಜ್ಜಿಯೋ ಶಾಲೆಯ ಟೀಚರೋ ಕೂರಲಿ, ಕೂತವರು ಬಾಯಿ ತೆರೆಯದಿರಲಿ. ಮನೆಯಲ್ಲಿ ಆ ಮಗುವನ್ನು ‘ಅಪ್ಪನಿಗೆ ಏನಾಯ್ತು ಹೇಳು’ ಎಂದು ಬಂದವರ ಮುಂದೆ ಕೇಳುವುದನ್ನು ಇಂದೇ ನಿಲ್ಲಿಸಿ. ಅವನಾಗಿ ಹೇಳಿದರೆ ಕೇಳಿಸಿಕೊಳ್ಳಿ, ತಿದ್ದಬೇಡಿ.

ಆಣೆಯ ಮಾತಿಗೆ ಒಪ್ಪಬೇಡಿ. ದೇವರ ಮೇಲಿನ ನಂಬಿಕೆ ನನಗೂ ಇದೆ. ಆದರೆ ಇಲ್ಲಿ ಆಣೆ ಕೇಳುತ್ತಿರುವುದು ಸತ್ಯ ತಿಳಿಯಲಿಕ್ಕಲ್ಲ, ಸಾಕ್ಷಿಯನ್ನು ಹೆದರಿಸಲಿಕ್ಕೆ. ಪ್ರಾಮಾಣಿಕರೇ ಆಣೆಗೆ ಹೆಚ್ಚು ಹಿಂಜರಿಯುತ್ತಾರೆ, ಗಂಟೆ ಎಷ್ಟು ಎಂಬ ಸಂಶಯವೂ ಅವರನ್ನು ಕಾಡುತ್ತದೆ. ಹಿಂಜರಿದರೆ ಊರು ಅದನ್ನೇ ತಪ್ಪೊಪ್ಪಿಗೆ ಎನ್ನುತ್ತದೆ. ಆಣೆಯಾಚೆ ಬೆದರಿಕೆ, ರಾಜಿ ಪಂಚಾಯ್ತಿಯ ಒತ್ತಡ ಬಂದರೆ ಸಾಕ್ಷಿ ಸಂರಕ್ಷಣಾ ಯೋಜನೆ, 2018 ಇದೆ. ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಸಾಕ್ಷಿಯಷ್ಟೇ ಅಲ್ಲ, ಕುಟುಂಬದವರೂ ಅರ್ಜಿ ಕೊಡಬಹುದು. ಅಪಾಯ ಎಷ್ಟಿದೆ ಎಂದು ಪೊಲೀಸರಿಂದ ವರದಿ ತರಿಸಿಕೊಂಡು ಗಸ್ತು, ಆರೋಪಿಯ ಕಡೆಯವರು ಎದುರಾಗದಂಥ ಏರ್ಪಾಡು ಮೊದಲಾದವನ್ನು ಸಮಿತಿ ಆದೇಶಿಸುತ್ತದೆ. ಅರ್ಜಿ ಬರೆಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ. ತುರ್ತಾದರೆ 112.

ಚಿಕಿತ್ಸೆಯನ್ನು ಮುಂದೂಡಬೇಡಿ. ಮನೋವೈದ್ಯರ ಹತ್ತಿರ ಹೋದರೆ ಕೋರ್ಟಿನಲ್ಲಿ ಹುಚ್ಚಿ ಎನ್ನುತ್ತಾರೆ ಎಂಬ ಹೆದರಿಕೆಯಿಂದ ಎಷ್ಟೋ ಮನೆಯವರು ತಡೆಯುತ್ತಾರೆ. ನಿದ್ದೆಯಿಲ್ಲದೆ, ಶಬ್ದವಾದರೆ ಬೆಚ್ಚಿಬೀಳುತ್ತಾ, ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಾ ಒಂದು ತಿಂಗಳಿಗಿಂತ ಹೆಚ್ಚಾಗಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಚಿಕಿತ್ಸೆ ಪಡೆದ ಸಾಕ್ಷಿಯ ಮಾತಿಗೆ ಕಾನೂನಿನಲ್ಲಿ ಯಾವ ಕುಂದೂ ಇಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಅಷ್ಟು ದೂರ ಹೋಗಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಮಗುವನ್ನೂ ತೋರಿಸಿ.

ಕೋರ್ಟಿಗೆ ಹೋಗುವ ದಿನ ಇನ್ನೂ ದೂರವಿರಬಹುದು. ಆದರೂ ಈಗಲೇ ಅತ್ತಿಗೆಗೆ ಒಂದು ವಿಷಯ ಹೇಳಿ. 1983ರಲ್ಲಿ, ಭರವಾಡ ಭೋಗಿನ್‌ಭಾಯಿ ಹಿರ್ಜಿಭಾಯಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಸಾಕ್ಷಿಗೆ ಫೋಟೋ ತೆಗೆದಂಥ ನೆನಪು ಇರಬೇಕೆಂದು ನಿರೀಕ್ಷಿಸುವಂತಿಲ್ಲ, ಹೊತ್ತು ಎಷ್ಟಾಗಿತ್ತು ಎಂಬಂಥದ್ದನ್ನು ಜನ ಕೇಳಿದ ಕ್ಷಣದಲ್ಲಿ ಅಂದಾಜಿನಿಂದ ಹೇಳುತ್ತಾರೆ, ಪ್ರಕರಣದ ಬುಡಕ್ಕೆ ಹೋಗದ ಸಣ್ಣಪುಟ್ಟ ವ್ಯತ್ಯಾಸಗಳಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಪಾಟಿಸವಾಲಿನಲ್ಲಿ ‘ನೆನಪಿಲ್ಲ’ ಎನ್ನುವುದೂ ಒಂದು ಉತ್ತರ, ‘ಪ್ರಶ್ನೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಕೇಳಿ’ ಎನ್ನುವುದು ಅವರ ಹಕ್ಕು. ವಿಚಾರಣೆಗೆ ಮುಂಚೆ ಸರ್ಕಾರಿ ಅಭಿಯೋಜಕರನ್ನು ಕಂಡು, ಖಾಲಿ ಇರುವ ದಿನ ಒಮ್ಮೆ ಕೋರ್ಟ್ ಹಾಲ್ ತೋರಿಸಿಕೊಂಡು ಬನ್ನಿ, ಸಾಕ್ಷಿಕಟ್ಟೆ ಎಲ್ಲಿದೆ, ಆರೋಪಿಗಳು ಎಲ್ಲಿ ನಿಂತಿರುತ್ತಾರೆ ಎಂದು ತಿಳಿದಿರಲಿ. ಆರೋಪಿಗಳ ಎದುರು ನಿಲ್ಲಲು ಅವರಿಂದ ಆಗುವುದೇ ಇಲ್ಲ ಎನಿಸಿದರೆ ಪರದೆ ಅಥವಾ ವಿಡಿಯೋ ಮೂಲಕ ಸಾಕ್ಷ್ಯ ನುಡಿಯಲು ಅವಕಾಶ ಕೊಡಿ ಎಂದು ಅಭಿಯೋಜಕರ ಮೂಲಕ ನ್ಯಾಯಾಲಯವನ್ನು ಕೇಳಬಹುದು. ಆ ಅರ್ಜಿಯನ್ನು ಸಾಕ್ಷ್ಯದ ದಿನಕ್ಕೆ ಮುಂಚೆಯೇ ಹಾಕಿಸಿ.